ಹುಡುಕುವವರ ಮಾತಿನಲ್ಲೇ ಸಿಗಲಿ: ವೆಬ್‌ಸೈಟಿಗೊಂದು ಪದಸೂಚಿ, ಒಂದು ಒಪ್ಪಿತ ಪದಪಟ್ಟಿ

ಮಂಗನ ಕಾಯಿಲೆ, ಮಂಗನ ಬಾವು, ಮಂಕಿಪಾಕ್ಸ್. ಮೂರೂ ಬೇರೆ ಬೇರೆ ರೋಗ. ಮೊದಲನೆಯದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದದ್ದು, ಉಣುಗು ಕಚ್ಚಿ ಬರುವ ಜ್ವರ. ಎರಡನೆಯದು ಹೆಚ್ಚಾಗಿ ಮಕ್ಕಳನ್ನು ಕಾಡುವ, ಕಿವಿಯ ಕೆಳಗೆ ಕೆನ್ನೆ ಊದಿಸುವ ಗದ್ದಬಾವು. ಮೂರನೆಯದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2022ರ ನವೆಂಬರಿನಲ್ಲಿ ಎಂಪಾಕ್ಸ್ ಎಂಬ ಹೊಸ ಹೆಸರು ಕೊಟ್ಟಿದೆ. ಆರೋಗ್ಯ ಮಾಹಿತಿಯ ಕನ್ನಡ ವೆಬ್‌ಸೈಟೊಂದರಲ್ಲಿ ಯಾರಾದರೂ ‘ಮಂಗನ’ ಎಂದಷ್ಟೇ ಟೈಪ್ ಮಾಡಿದರೆ ಮೊದಲೆರಡೂ ಬೆರೆತು ಬರುತ್ತವೆ. ‘ಮಂಕಿ’ ಎಂದರೆ ಮೊದಲನೆಯದೂ ಮೂರನೆಯದೂ ಬೆರೆಯುತ್ತವೆ.

ಇದರ ತಿರುವುಮುರುವು ಸಮಸ್ಯೆಯೂ ಇದೆ. ಆ ಮೊದಲ ರೋಗವನ್ನೇ ತೆಗೆದುಕೊಂಡರೆ ಊರಿನಲ್ಲಿ ಅದು ಮಂಗನ ಕಾಯಿಲೆ, ಆಸ್ಪತ್ರೆಯ ಚೀಟಿಯಲ್ಲಿ ಕೆಎಫ್‌ಡಿ, ಪತ್ರಿಕೆಯಲ್ಲಿ ಕೆಲವೊಮ್ಮೆ ಮಂಕಿ ಫೀವರ್, ಸರ್ಕಾರಿ ಕರಪತ್ರದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ. ಕೆಎಫ್‌ಡಿ ಎಂದು ಹುಡುಕಿದವರಿಗೆ ‘ಮಂಗನ ಕಾಯಿಲೆ’ ಎಂದಷ್ಟೇ ಬರೆದಿರುವ ಪುಟ ಸಿಗುವುದಿಲ್ಲ. ಆ ಪುಟದಲ್ಲೇ ಕಾಡಿಗೆ ಹೋಗುವ ಮುನ್ನ ಏನು ಮಾಡಬೇಕು ಎಂಬ ವಿವರ ಇದ್ದಿರಬಹುದು.

ಒಂದು ಮಾತಿಗೆ ಹಲವು ಅರ್ಥ, ಒಂದು ಅರ್ಥಕ್ಕೆ ಹಲವು ಮಾತು. ಮಾಹಿತಿಯನ್ನು ಜೋಡಿಸಿಡುವ ವಿದ್ಯೆ ಹುಟ್ಟಿದ್ದೇ ಈ ಎರಡು ತೊಡಕುಗಳಿಂದ. ಗ್ರಂಥಾಲಯದವರು ಇದಕ್ಕೆ ನೂರು ವರ್ಷಕ್ಕೂ ಮೊದಲೇ ಎರಡು ಸಾಧನ ಕಂಡುಕೊಂಡರು: ಪದಸೂಚಿ ಮತ್ತು ನಿಯಂತ್ರಿತ ಪದಪಟ್ಟಿ. ವೆಬ್‌ಸೈಟ್ ಕಟ್ಟುವವರು ಇವೆರಡನ್ನೂ ಮರೆತು ಮೆನು ಮತ್ತು ಹುಡುಕು ಪೆಟ್ಟಿಗೆಯನ್ನೇ ನೆಚ್ಚಿಕೊಂಡಿದ್ದಾರೆ. ಕನ್ನಡದ ತಾಣಗಳಿಗೆ ಇದರಿಂದ ಆಗುವ ನಷ್ಟ ದೊಡ್ಡದು.

ಮೊದಲು ಎರಡರ ವ್ಯತ್ಯಾಸ ತಿಳಿದುಕೊಳ್ಳೋಣ. ಪದಸೂಚಿ ಎಂದರೆ ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಇರುತ್ತದಲ್ಲ, ಅದೇ. ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತೋರಿಸುತ್ತದೆ. ವೆಬ್‌ಸೈಟಿನಲ್ಲಿ ಪುಟಸಂಖ್ಯೆಯ ಬದಲು ಕೊಂಡಿ ಇರುತ್ತದೆ, ಆ ಕೊಂಡಿ ನೇರವಾಗಿ ಬೇಕಾದ ಪ್ಯಾರಾಕ್ಕೇ ಹೋಗಿ ನಿಲ್ಲಬಹುದು. ನಿಯಂತ್ರಿತ ಪದಪಟ್ಟಿ ಓದುಗರ ಕಣ್ಣಿಗೆ ಬೀಳಲೇಬೇಕೆಂದಿಲ್ಲ. ಅದು ತಾಣ ನಡೆಸುವವರ ನಡುವಿನ ಒಪ್ಪಂದ: ಈ ವಿಷಯವನ್ನು ನಾವೆಲ್ಲ ಇದೇ ಹೆಸರಿನಿಂದ ಗುರುತಿಸುತ್ತೇವೆ, ಮಿಕ್ಕ ಹೆಸರುಗಳೆಲ್ಲ ಇದಕ್ಕೇ ಬಂದು ಸೇರಬೇಕು. ಪಟ್ಟಿ ಇಲ್ಲದೆ ಸೂಚಿ ಮಾಡಿದರೆ ಒಂದೇ ವಿಷಯ ಮೂರು ಕಡೆ ಚದುರುತ್ತದೆ. ಸೂಚಿ ಇಲ್ಲದೆ ಬರೀ ಪಟ್ಟಿ ಇದ್ದರೆ ಅದು ಕಚೇರಿಯ ಕಡತವಾಗಿ ಉಳಿಯುತ್ತದೆ.

ಮಲೆನಾಡಿನವರಿಗೆ ನಿಯಂತ್ರಿತ ಪದಪಟ್ಟಿ ಹೊಸದೇನಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ದಿನದ ಧಾರಣೆ ಓದಿ ನೋಡಿ: ರಾಶಿ, ಬೆಟ್ಟೆ, ಗೊರಬಲು, ಸರಕು. ಮನೆಯಲ್ಲಿ, ತೋಟದಲ್ಲಿ ಅಡಿಕೆಗೆ ಇನ್ನೆಷ್ಟೋ ಹೆಸರಿವೆ. ಆದರೆ ಮಂಡಿಗೆ ಬಂದ ಮೇಲೆ ಈ ಕೆಲವೇ ಹೆಸರುಗಳಲ್ಲಿ ಒಂದಕ್ಕೆ ಸೇರಲೇಬೇಕು. ಹೆಸರು ಕೇಳಿದೊಡನೆ ಮಾರುವವನಿಗೂ ಕೊಳ್ಳುವವನಿಗೂ ಒಂದೇ ಮಾಲು ಕಣ್ಣಿಗೆ ಕಟ್ಟುತ್ತದೆ. ಸಾಗರಕ್ಕೆ ಹೋದರೆ ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕ ಎಂಬ ಹೆಸರುಗಳೂ ಪಟ್ಟಿಗೆ ಬರುತ್ತವೆ. ಅಲ್ಲಿಗೆ ಬರುವ ಮಾಲೇ ಬೇರೆ, ಪಟ್ಟಿಯೂ ಬೇರೆ. ಯಾರೋ ದೂರದಲ್ಲಿ ಕೂತು ಬರೆದ ಪಟ್ಟಿ ಇದಲ್ಲ, ವ್ಯವಹಾರ ಮಾಡುವವರ ಬಾಯಿಂದಲೇ ಹುಟ್ಟಿ ಗಟ್ಟಿಯಾದದ್ದು. ವೆಬ್‌ಸೈಟಿನ ಪದಪಟ್ಟಿಯೂ ಹೀಗೇ ಹುಟ್ಟಬೇಕು.

ತೀರ್ಥಹಳ್ಳಿ ಕಡೆಯ ಕೃಷಿಕರ ಗುಂಪೊಂದು ತೋಟಗಾರಿಕೆಯ ತಾಣ ನಡೆಸುತ್ತಿದೆ ಎಂದಿಟ್ಟುಕೊಳ್ಳೋಣ. ನೂರಾರು ಬರಹಗಳಿವೆ. ಬರೆದವರು ಹಲವರು, ಒಬ್ಬರು ಅಡಿಕೆ ಎನ್ನುತ್ತಾರೆ, ಇನ್ನೊಬ್ಬರು ಅಡಕೆ. ಒಬ್ಬರು ಕೊಳೆರೋಗ ಎಂದು ಸೇರಿಸಿ ಬರೆದರೆ ಇನ್ನೊಬ್ಬರು ಕೊಳೆ ರೋಗ ಎಂದು ಬಿಡಿಸಿ, ಮತ್ತೊಬ್ಬರು ಬರೀ ಕೊಳೆ. ಘಟ್ಟದ ಕೆಳಗಿನವರು ಮಹಾಳಿ ಎನ್ನುವುದುಂಟು. ಇಂಥ ತಾಣದ ಪದಸೂಚಿಯ ಒಂದು ತುಣುಕು ಹೀಗಿರಬಹುದು:

ಅಡಕೆ: ಅಡಿಕೆ ನೋಡಿ
ಕೊಟ್ಟೆ ಕಟ್ಟುವುದು: ಕೊಳೆರೋಗ (ಅಡಿಕೆ), ತಡೆ ನೋಡಿ
ಕೊಳೆರೋಗ (ಅಡಿಕೆ)
— ತಡೆ: ಕೊಟ್ಟೆ ಕಟ್ಟುವುದು
— ಬೋರ್ಡೋ ಸಿಂಪಡಣೆ, ಮೊದಲ ಸುತ್ತು
— ಬೋರ್ಡೋ ಸಿಂಪಡಣೆ, ಎರಡನೇ ಸುತ್ತು
— ಲಕ್ಷಣ
— ಇದನ್ನೂ ನೋಡಿ: ಬೋರ್ಡೋ ದ್ರಾವಣ ತಯಾರಿ
ಕೊಳೆರೋಗ (ಕಾಫಿ)
ಮಹಾಳಿ: ಕೊಳೆರೋಗ (ಅಡಿಕೆ) ನೋಡಿ
ಮೈಲುತುತ್ತು: ಬೋರ್ಡೋ ದ್ರಾವಣ ತಯಾರಿ ನೋಡಿ

ಈ ಹನ್ನೊಂದು ಸಾಲಿನಲ್ಲಿ ಸಾಕಷ್ಟು ವಿಚಾರ ಅಡಗಿದೆ. ಕೊಟ್ಟೆ ಕಟ್ಟುವುದೆಂದರೆ ಮಳೆ ತಾಗದಂತೆ ಅಡಿಕೆ ಗೊನೆಗೆ ಹೊದಿಕೆ ಕಟ್ಟುವುದು. ಕೊಳೆರೋಗದ ಮುಂದೆ ಆವರಣದಲ್ಲಿ ಬೆಳೆಯ ಹೆಸರು ಏಕೆ? ಕಾಫಿಗೂ ಕೊಳೆರೋಗವೆಂಬುದೇ ಇದೆ, ಅದನ್ನು ತರುವ ಶಿಲೀಂಧ್ರ ಬೇರೆ. ಆವರಣದ ಆ ಒಂದು ಪದ ಇಲ್ಲದಿದ್ದರೆ ತೀರ್ಥಹಳ್ಳಿಯ ಅಡಿಕೆ ಬೆಳೆಗಾರ ಚಿಕ್ಕಮಗಳೂರಿನ ಕಾಫಿ ತೋಟದ ಸಲಹೆ ಓದುತ್ತ ಕೂರಬೇಕಾಗುತ್ತದೆ. ‘ಮೈಲುತುತ್ತು’ ಎಂಬ ನಮೂದು ಏಕೆ? ಮೈಲುತುತ್ತು (ತಾಮ್ರದ ಸಲ್ಫೇಟ್) ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಒಂದು ಭಾಗ ಮಾತ್ರ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಆದರೆ ತೋಟದಲ್ಲಿ ‘ಮೈಲುತುತ್ತು ಹೊಡೆಯುವುದು’ ಎಂದರೆ ಬೋರ್ಡೋ ಸಿಂಪಡಣೆ ಎಂದೇ ಅರ್ಥ. ರಸಾಯನಶಾಸ್ತ್ರದ ಪ್ರಕಾರ ಈ ‘ನೋಡಿ’ ಸರಿಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸೂಚಿಯ ಕೆಲಸ ಹುಡುಕುವವರನ್ನು ಪುಟಕ್ಕೆ ತಲುಪಿಸುವುದು, ಆ ಲೆಕ್ಕದಲ್ಲಿ ಇದು ಸರಿಯೇ.

ಈಗ ಇದಕ್ಕಿಂತ ಕಷ್ಟದ ಒಂದು ನಮೂದು: ‘ಎಲೆ ಹಳದಿಯಾಗುವುದು’. ಅಡಿಕೆಗೆ ಹಳದಿ ಎಲೆ ರೋಗ ಎಂಬ ನಿರ್ದಿಷ್ಟ ರೋಗವಿದೆ. ಎಲೆಚುಕ್ಕೆ ರೋಗ ಬಂದಾಗಲೂ ಗರಿ ಚುಕ್ಕೆಗಟ್ಟಿ ಹಳದಿಗೆ ತಿರುಗಿ ಒಣಗುತ್ತದೆ. ಬುಡದಲ್ಲಿ ನೀರು ನಿಂತರೂ, ಪೋಷಕಾಂಶ ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ. ತೋಟದಲ್ಲಿ ನಿಂತು ಮೊಬೈಲ್ ತೆಗೆದವರಿಗೆ ಕಾಣುವುದು ರೋಗದ ಹೆಸರಲ್ಲ, ಎಲೆಯ ಬಣ್ಣ. ‘ಎಲೆ ಹಳದಿ’ಯನ್ನು ನೇರವಾಗಿ ‘ಹಳದಿ ಎಲೆ ರೋಗ’ಕ್ಕೆ ಜೋಡಿಸಿಬಿಟ್ಟರೆ ಹೆಸರೇನೋ ಹೊಂದುತ್ತದೆ, ಆದರೆ ಬಸಿಗಾಲುವೆ ತೋಡಿದ್ದರೆ ಸರಿಹೋಗುತ್ತಿದ್ದ ತೋಟಕ್ಕೆ ವಾಸಿಯಾಗದ ರೋಗ ತಗುಲಿದೆ ಎಂದು ಓದುಗ ಎದೆ ಒಡೆದುಕೊಳ್ಳಬಹುದು. ಆದ್ದರಿಂದ ಲಕ್ಷಣಕ್ಕೆ ಸ್ವಂತ ನಮೂದು ಕೊಟ್ಟು, ಅದರ ಕೆಳಗೆ ನಾಲ್ಕೂ ಕಾರಣಗಳನ್ನು ಇಡಬೇಕು. ಸೂಚಿ ಬರೆಯುವವರಿಗೆ ವಿಷಯ ಗೊತ್ತಿರಬೇಕು ಎನ್ನುವುದು ಇದಕ್ಕೇ. ಅಕ್ಷರ ಹೊಂದಿಸುವುದು ಯಂತ್ರದ ಕೈಯಲ್ಲೂ ಆಗುತ್ತದೆ, ಯಾವ ಎರಡು ಮಾತು ಒಂದೇ, ಯಾವುವು ಹತ್ತಿರದವು ಮಾತ್ರ ಎಂದು ತೀರ್ಮಾನಿಸಲು ತೋಟ ಗೊತ್ತಿರಬೇಕು.

ಪದಪಟ್ಟಿಯ ಒಳರಚನೆ ನಿಂತಿರುವುದು ಈ ತೀರ್ಮಾನದ ಮೇಲೆಯೇ. ಪದಗಳ ನಡುವೆ ಮೂರು ಬಗೆಯ ಸಂಬಂಧ ಗುರುತಿಸುತ್ತಾರೆ. ಒಂದು, ಸಮಾನತೆ: ಕೆಎಫ್‌ಡಿ ಮತ್ತು ಮಂಗನ ಕಾಯಿಲೆ ಒಂದೇ. ಇನ್ನೊಂದು, ಮೇಲು-ಕೆಳಗು: ಅಡಿಕೆಯ ರೋಗಗಳು ಎಂಬುದರ ಕೆಳಗೆ ಕೊಳೆರೋಗ, ಎಲೆಚುಕ್ಕೆ, ಹಿಡಿಮುಂಡಿಗೆ. ಮೂರನೆಯದು ನಂಟು: ಕೊಳೆರೋಗಕ್ಕೂ ಬೋರ್ಡೋ ದ್ರಾವಣಕ್ಕೂ ಇರುವಂಥದ್ದು. ಮೇಲು-ಕೆಳಗಿನ ಸಂಬಂಧ ಸರಿಯಿದೆಯೇ ಎಂದು ನೋಡಲು ‘ಕೊಳೆರೋಗವು ಅಡಿಕೆಯ ಒಂದು ರೋಗವೇ?’ ಎಂದು ಕೇಳಿಕೊಂಡರೆ ಸಾಕು. ಹೌದು ಎಂದಾದರೆ ಸರಿ. ‘ಬೋರ್ಡೋ ದ್ರಾವಣವು ಒಂದು ರೋಗವೇ?’ ಅಲ್ಲ, ಹಾಗಾದರೆ ಅದನ್ನು ರೋಗದ ಕೆಳಗೆ ಇಡಬಾರದು, ನಂಟು ತೋರಿಸಿದರೆ ಸಾಕು. ಮೂರರಲ್ಲಿ ಹೆಚ್ಚು ತಪ್ಪು ನಡೆಯುವುದು ಸಮಾನತೆಯಲ್ಲಿ. ಉಪ್ಪಾಗೆ ಮತ್ತು ಮುರುಗಲು ಎರಡೂ ಹುಳಿ, ಎರಡೂ ಒಂದೇ ಕುಲದ ಕಾಡುಮರಗಳು, ಅಡುಗೆಮನೆಯಲ್ಲಿ ಒಂದರ ಬದಲು ಇನ್ನೊಂದು ನಡೆಯಬಹುದು. ಆದರೂ ಬೇರೆ ಬೇರೆ ಮರ, ಬೇರೆ ಬೇರೆ ನಮೂದು. ಮುರುಗಲು ಮತ್ತು ಪುನರ್ಪುಳಿ ಮಾತ್ರ ಒಂದೇ.

ಸಮಾನ ಪದಗಳಲ್ಲಿ ಯಾವುದಕ್ಕೆ ಪಟ್ಟ ಕಟ್ಟಬೇಕು? ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು, ಮೆಣಸಿನಕಾಳು, ಪೆಪ್ಪರ್. ‘ಮೆಣಸು’ ಎಂದಷ್ಟೇ ಇಟ್ಟರೆ ಮೆಣಸಿನಕಾಯಿಯೋ ಕಾಳೋ ತಿಳಿಯದು, ಅದನ್ನು ಬಿಡಬೇಕು. ಉಳಿದವುಗಳಲ್ಲಿ ನಿಮ್ಮ ಓದುಗರು ಹೆಚ್ಚು ಆಡುವ ಮಾತನ್ನೇ ಆರಿಸಿ. ಕಚೇರಿಯ ಪತ್ರದಲ್ಲಿ ಬರುವ ಪದವೆಂದೋ ಸಂಸ್ಕೃತದ್ದೆಂದೋ ಹೆಚ್ಚು ಗೌರವ ಕೊಡಬೇಕಿಲ್ಲ. ಜನರಿಗಾಗಿ ಇರುವ ಆರೋಗ್ಯ ತಾಣದಲ್ಲಿ ‘ಮಂಗನ ಕಾಯಿಲೆ’ಯೇ ಒಪ್ಪಿತ ಪದವಾಗಲಿ, ವೈದ್ಯರಿಗಾಗಿ ಇರುವುದಾದರೆ ‘ಕ್ಯಾಸನೂರು ಕಾಡಿನ ಕಾಯಿಲೆ’. ಯಾವುದನ್ನು ಆರಿಸಿದರೂ ಉಳಿದವನ್ನು ಅಳಿಸಬಾರದು ಎಂಬುದು ಇಲ್ಲಿನ ಜೀವಾಳ. ‘ನಿಯಂತ್ರಿತ’ ಎಂಬ ಮಾತು ಕೇಳಿ ಆಡುನುಡಿಯನ್ನು ತಿದ್ದುವ ಕೆಲಸವೆಂದು ಹಲವರು ಭಾವಿಸುತ್ತಾರೆ. ನಿಯಂತ್ರಣ ಇರುವುದು ಲೇಖನಕ್ಕೆ ಹಚ್ಚುವ ಗುರುತಿನ ಮೇಲೆ. ಹುಡುಕುವವರು ಅಡಕೆ ಎನ್ನಲಿ, ಅಡಿಕೆ ಎನ್ನಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯಲಿ, ಪ್ರತಿಯೊಂದು ರೂಪವೂ ಒಂದು ಬಾಗಿಲು. ಬಾಗಿಲು ಹೆಚ್ಚಿದಷ್ಟೂ ಒಳ್ಳೆಯದು, ಒಳಗಿನ ಕೋಣೆ ಒಂದೇ ಇದ್ದರಾಯಿತು.

ಪ್ರತಿ ಒಪ್ಪಿತ ಪದದ ಜೊತೆ ಒಂದೆರಡು ವಾಕ್ಯದ ವ್ಯಾಪ್ತಿ ಟಿಪ್ಪಣಿಯನ್ನೂ ಬರೆದಿಡಬೇಕು. ‘ಉಣ್ಣೆ: ದನಕರು ಮತ್ತು ಮನುಷ್ಯರಿಗೆ ಕಚ್ಚುವ ಪುಟ್ಟ ಜೀವಿಗೆ (ಉಣುಗು) ಮಾತ್ರ. ಕುರಿಯ ಉಣ್ಣೆಗೆ ಬಳಸಬೇಡಿ.’ ಮುಂದಿನ ವರ್ಷ ತಾಣದ ಕೆಲಸಕ್ಕೆ ಬರುವ ಹೊಸ ಹುಡುಗಿಗೆ ಈ ಎರಡು ವಾಕ್ಯದಿಂದ ಆಗುವ ಉಪಕಾರ ದೊಡ್ಡದು.

ಪಟ್ಟಿ ದೊಡ್ಡದಾದಂತೆ ಇನ್ನೊಂದು ತೊಂದರೆ ತಲೆದೋರುತ್ತದೆ. ‘ಸಾಗರ ತಾಲ್ಲೂಕಿನ ಅಡಿಕೆ ಕೊಳೆರೋಗ’, ‘ಹೊಸನಗರದ ಅಡಿಕೆ ಕೊಳೆರೋಗ’, ‘ಸಾಗರದ ಕಾಳುಮೆಣಸು ಸೊರಗು ರೋಗ’ ಎಂದು ಪ್ರತಿಯೊಂದಕ್ಕೂ ವಿಭಾಗ ಮಾಡುತ್ತ ಹೋದರೆ ಕೊನೆಯಿಲ್ಲ. 12 ಬೆಳೆ, 20 ಬಗೆಯ ಕೆಲಸ ಮತ್ತು ರೋಗ, ಜಿಲ್ಲೆಯ 7 ತಾಲ್ಲೂಕು ಎಂದರೆ 1,680 ವಿಭಾಗಗಳಾಗುತ್ತವೆ. ಇದಕ್ಕೆ ದಾರಿ ತೋರಿದವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪ್ರಕಟವಾಯಿತು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಶುರುಮಾಡಿದರು, 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ವಿಷಯಗಳನ್ನು ಮೊದಲೇ ಪೂರ್ತಿ ಎಣಿಸಿಡುವ ಬದಲು ಅವನ್ನು ಮುಖಗಳಾಗಿ ಬಿಡಿಸಿ ಎಂದರು ಅವರು. ವಿಷಯದ ತಿರುಳು, ಅದರ ದ್ರವ್ಯ, ಅದರ ಮೇಲೆ ನಡೆಯುವ ಕ್ರಿಯೆ, ದೇಶ, ಕಾಲ ಎಂಬ ಐದು ಮುಖ. ಯಾವ ಬರಹವನ್ನಾದರೂ ಈ ಮುಖಗಳಿಂದ ಒಂದೊಂದು ಪದ ತೆಗೆದು ಜೋಡಿಸಿ ಗುರುತಿಸಬಹುದು. ನಮ್ಮ ತಾಣಕ್ಕೆ 12, 20, 7 ಕೂಡಿಸಿದರೆ ಬರೀ 39 ಪದ ಸಾಕು. ಇವತ್ತು ಆನ್‌ಲೈನ್ ಅಂಗಡಿಯಲ್ಲಿ ಸೀರೆ ಹುಡುಕುವಾಗ ಬಣ್ಣ, ಬಟ್ಟೆ, ಬೆಲೆ ಎಂದು ಬದಿಯಲ್ಲಿ ಗುರುತು ಹಾಕುತ್ತೀರಲ್ಲ, ಅದರ ಹಿಂದಿರುವುದು ಇದೇ ವಿಚಾರ. ಜಗತ್ತಿನ ಮಾಹಿತಿ ವಿನ್ಯಾಸಕರೆಲ್ಲ ಓದುವ ಈ ಪಾಠ ಬೆಂಗಳೂರಿನಲ್ಲಿ ಬೆಳೆದದ್ದು ಎಂಬ ಹೆಮ್ಮೆ ನನಗಿದೆ. ಕನ್ನಡದ ತಾಣಗಳು ಅದನ್ನು ಬಳಸುತ್ತಿಲ್ಲವಲ್ಲ ಎಂಬ ನೋವೂ ಇದೆ.

ಕಾಲದ ಮುಖವನ್ನು ಮಲೆನಾಡಿಗೆ ಹೊಂದಿಸುವಾಗ ಒಂದು ಸ್ವಾರಸ್ಯ ಎದುರಾಗುತ್ತದೆ. ತೋಟದವರು ಮಳೆ ನಕ್ಷತ್ರದ ಲೆಕ್ಕದಲ್ಲಿ ಮಾತಾಡುತ್ತಾರೆ: ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ. ಪದಪಟ್ಟಿಯಲ್ಲಿ ತಿಂಗಳುಗಳಿವೆ. ‘ಆರಿದ್ರ ಮಳೆ: ಜೂನ್ ನೋಡಿ’ ಎಂದು ಬರೆಯಬಹುದೇ? ಆಗದು. ಆರಿದ್ರ ಜೂನ್ 21-22ರ ಹೊತ್ತಿಗೆ ಹಿಡಿದು ಜುಲೈ ಮೊದಲ ವಾರಕ್ಕೆ ಮುಗಿಯುತ್ತದೆ. ಎರಡು ತಿಂಗಳಿಗೂ ಚಾಚಿಕೊಂಡ ಅವಧಿಯನ್ನು ಒಂದು ತಿಂಗಳಿಗೆ ಸಮ ಎನ್ನಲಾಗದು. ಆದ್ದರಿಂದ ಮಳೆ ನಕ್ಷತ್ರಗಳನ್ನು ಅವುಗಳ ಹೆಸರಿನಲ್ಲೇ ಪಟ್ಟಿಗೆ ಸೇರಿಸಿ, ತಿಂಗಳುಗಳಿಗೆ ನಂಟು ತೋರಿಸಿ. ಸಿಂಪಡಣೆ, ಸಸಿಮಡಿ, ನಾಟಿ ಎಲ್ಲ ಮಳೆಯ ಮೇಲೇ ನಿಂತಿರುವಾಗ, ಅವರ ಪಂಚಾಂಗವೇ ಈ ತಾಣದ ಕಾಲಮುಖವಾಗುವುದು ನ್ಯಾಯ.

ದೇಶದ ಮುಖ ಇದಕ್ಕಿಂತ ಜಟಿಲ. ಹೊಸನಗರ ತಾಲ್ಲೂಕಿನಲ್ಲಿ ‘ನಗರ’ ಎಂಬ ಊರಿದೆ. ಕೆಳದಿ ಅರಸರ ಕಾಲದಲ್ಲಿ ಅದು ಬಿದನೂರು, ಅವರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್ ನಗರ, ಈಗ ಬರೀ ನಗರ. ಯಂತ್ರಕ್ಕೆ ‘ನಗರ’ ಕೊಟ್ಟರೆ ಬೆಂಗಳೂರು ನಗರದಿಂದ ಹಿಡಿದು ಜಯನಗರದವರೆಗೆ ಎಲ್ಲ ತಂದು ಸುರಿಯುತ್ತದೆ. ಸಾಗರದ ಗತಿಯೂ ಅದೇ. ಒಪ್ಪಿತ ಪದ ‘ನಗರ (ಹೊಸನಗರ ತಾಲ್ಲೂಕು)’ ಎಂದಿಟ್ಟು, ಬಿದನೂರು, ಹೈದರ್ ನಗರ ಎರಡನ್ನೂ ಅದಕ್ಕೆ ಸೇರಿಸಬೇಕು. ಹುಂಚ, ಹೊಂಬುಜ ಒಂದೇ ಊರು. ಬಳ್ಳಿಗಾವಿ, ಬಳ್ಳಿಗಾವೆ ಒಂದೇ. ಜೋಗವನ್ನು ಹಳೆಯ ಇಂಗ್ಲಿಷ್ ಬರಹಗಳು ಗೇರುಸೊಪ್ಪೆ ಜಲಪಾತ ಎನ್ನುತ್ತವೆ, ಗೇರುಸೊಪ್ಪೆ ಊರು ಮಾತ್ರ ನದಿಯ ಕೆಳಹರಿವಿನಲ್ಲಿ ಬೇರೆಯೇ ಇದೆ. ನಮ್ಮ ಜಿಲ್ಲಾಕೇಂದ್ರದ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು, ಕನ್ನಡದಲ್ಲಿ ಅದು ಮೊದಲೂ ಶಿವಮೊಗ್ಗ, ಈಗಲೂ ಶಿವಮೊಗ್ಗ. ಹಳೆಯ ದಾಖಲೆ ಹುಡುಕುವವರು ಇಂದಿಗೂ ಹಳೆಯ ಕಾಗುಣಿತದಲ್ಲೇ ಟೈಪ್ ಮಾಡುತ್ತಾರೆ.

ಗಡಿಗಳೂ ಬದಲಾಗುತ್ತವೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಕಲನದ ಶಿವಮೊಗ್ಗ ಸಂಪುಟಗಳು, 7 ಮತ್ತು 8ನೆಯವು, 1902 ಮತ್ತು 1904ರಲ್ಲಿ ಬಂದವು. ಅವುಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ: ಶಿಕಾರಿಪುರ ಇಷ್ಟು, ಸೊರಬ ಇಷ್ಟು, ನಗರ ಇಷ್ಟು. ಹೊನ್ನಾಳಿ ಮತ್ತು ಚನ್ನಗಿರಿಯೂ ಅಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ಎರಡು ತಾಲ್ಲೂಕು ಅದಕ್ಕೆ ಸೇರಿದವು, ಅಂದಿನ ನಗರ ತಾಲ್ಲೂಕು ಇಂದು ಹೊಸನಗರ. ಆದರೂ ವಿದ್ವಾಂಸರು ಇಂದಿಗೂ ರೈಸ್ ಕೊಟ್ಟ ಸಂಖ್ಯೆಯನ್ನೇ ಉಲ್ಲೇಖಿಸುತ್ತಾರೆ, ಕಲ್ಲು ಸಿಗುತ್ತದೆ. ಸಂಖ್ಯೆ ಬದಲಾಗಿಲ್ಲ, ಅದಕ್ಕೇ. ಪದಪಟ್ಟಿಯ ಬಹುಮುಖ್ಯ ನಿಯಮವೊಂದನ್ನು ಇಲ್ಲಿಂದ ಕಲಿಯಬೇಕು: ಪ್ರತಿ ವಿಷಯಕ್ಕೂ ಅರ್ಥವಿಲ್ಲದ ಒಂದು ಸ್ಥಿರ ಸಂಖ್ಯೆ ಇರಲಿ, ಲೇಖನಗಳು ಹೆಸರಿಗೆ ಅಂಟದೆ ಆ ಸಂಖ್ಯೆಗೆ ಅಂಟಿರಲಿ. ಆಗ ಮಂಕಿಪಾಕ್ಸ್ ಎಂಪಾಕ್ಸ್ ಆದ ದಿನ ಒಂದು ಕಡೆ ಹೆಸರು ತಿದ್ದಿದರೆ ಇಡೀ ತಾಣ ತಿದ್ದಿಕೊಳ್ಳುತ್ತದೆ. ಮಂಗನ ಕಾಯಿಲೆಗೆ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಎ98.2 ಎಂಬ ಸಂಕೇತವಿದೆ. ಊರೂರಿಗೆ ಹೆಸರು ಬೇರೆಯಾದರೂ ಆ ಸಂಕೇತ ಒಂದೇ.

ಇದಿಷ್ಟನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಬರೆಯಲು ಎಸ್‌ಕೆಓಎಸ್ ಎಂಬ ಮಾದರಿಯಿದೆ, ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ 2009ರಲ್ಲಿ ಅದನ್ನು ಅಂಗೀಕರಿಸಿತು. ಒಂದು ವಿಷಯಕ್ಕೆ ಪ್ರತಿ ಭಾಷೆಯಲ್ಲಿ ಒಂದೇ ಒಂದು ಒಪ್ಪಿತ ಹೆಸರು, ಬೇಕಾದಷ್ಟು ಬದಲಿ ಹೆಸರು, ಜೊತೆಗೆ ಮರೆಯ ಹೆಸರು ಎಂಬ ಮೂರನೇ ಬಗೆ. ಮರೆಯ ಹೆಸರನ್ನು ಓದುಗರಿಗೆ ತೋರಿಸುವುದಿಲ್ಲ, ಹುಡುಕಾಟದಲ್ಲಿ ಮಾತ್ರ ಬಳಸುತ್ತಾರೆ. ಟೈಪಿಸುವಾಗ ಆಗುವ ತಪ್ಪುಗಳಿಗೆ ಅದು ಹೇಳಿ ಮಾಡಿಸಿದ ಜಾಗ.

ಕನ್ನಡದಲ್ಲಿ ಆ ಜಾಗ ಬೇಗ ತುಂಬುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಪದ ಕಂಪ್ಯೂಟರಿನ ಒಳಗೆ ಬೇರೆ ಬೇರೆ ಆಗಿರಬಹುದು. ‘ಕೊ’ ಅಕ್ಷರದ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಏತ್ವ ಮತ್ತು ಕೊಂಬಿನ ಇಳಿ ಎರಡನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸವೇ ಕಾಣದು, ಹುಡುಕಾಟಕ್ಕೆ ಮಾತ್ರ ಒಂದು ‘ಕೊಳೆರೋಗ’ ಇನ್ನೊಂದಕ್ಕೆ ಹೊಂದದು. ಸೊನ್ನೆಯ (ಅನುಸ್ವಾರದ) ಜಾಗದಲ್ಲಿ ಕನ್ನಡದ ೦ ಅಂಕಿಯನ್ನು ಒತ್ತಿಬಿಡುವುದು ತೀರಾ ಸಾಮಾನ್ಯ, ಆಗ ‘ಮಂಗ’ ಮಂಗನಾಗಿ ಉಳಿಯುವುದಿಲ್ಲ. ‘ಕೆಎಫ್‌ಡಿ’ಯ ಡಿ ಫಕಾರಕ್ಕೆ ಒತ್ತಾಗದಂತೆ ತಡೆಯಲು ನಡುವೆ ಕಾಣದ ಒಂದು ಚಿಹ್ನೆ ಇರುತ್ತದೆ, ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಇವುಗಳಲ್ಲಿ ಮೊದಲನೆಯದಕ್ಕೆ ಯೂನಿಕೋಡ್ ಸಾಮಾನ್ಯೀಕರಣ ಎಂಬ ಸಿದ್ಧ ಪರಿಹಾರವಿದೆ, ತಾಣದ ತಂತ್ರಜ್ಞರಿಗೆ ಒಂದು ಸಾಲಿನ ಕೆಲಸ. ಉಳಿದೆರಡಕ್ಕೆ ಹೋಲಿಕೆಯ ಹೊತ್ತಿನಲ್ಲಿ ಆ ಚಿಹ್ನೆ ತೆಗೆಯುವ, ಅಂಕಿಯನ್ನು ಸೊನ್ನೆಗೆ ಬದಲಿಸುವ ನಿಯಮ ಬರೆಯಬೇಕು. ಹಳೆಯ ‘ನುಡಿ’, ‘ಬರಹ’ ಫಾಂಟಿನ ಕಡತಗಳಿದ್ದರೆ ಮೊದಲು ಅವನ್ನು ಯೂನಿಕೋಡಿಗೆ ತಂದುಕೊಳ್ಳದೆ ಯಾವ ಸೂಚಿಯೂ ಸಾಧ್ಯವಿಲ್ಲ.

ವಿಭಕ್ತಿಗಳ ಕಥೆ ಬೇರೆ. ತೋಟ, ತೋಟದ, ತೋಟಕ್ಕೆ ಎಂಬಲ್ಲಿ ಮೊದಲ ಭಾಗವಾದರೂ ಉಳಿಯುತ್ತದೆ. ಕಾಡು ‘ಕಾಡಿನ’ ಆದಾಗ ಕೊನೆಯ ಉಕಾರವೇ ಹೋಗುತ್ತದೆ, ಅಕ್ಷರಕ್ಕೆ ಅಕ್ಷರ ಹೊಂದಿಸುವ ಹುಡುಕಾಟ ಅಲ್ಲಿ ಸೋಲುತ್ತದೆ. ಲೇಖನಕ್ಕೆ ‘ಕಾಡು’ ಎಂಬ ಒಪ್ಪಿತ ಪದವನ್ನು ಹಚ್ಚಿದ್ದರೆ ಒಳಗೆ ಯಾವ ವಿಭಕ್ತಿ ಇದ್ದರೂ ಚಿಂತೆಯಿಲ್ಲ. ಇಂಗ್ಲಿಷ್ ತಾಣಗಳಿಗಿಂತ ಕನ್ನಡದ ತಾಣಗಳಿಗೆ ಪದಪಟ್ಟಿ ಹೆಚ್ಚು ಅಗತ್ಯ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಕಾರಾದಿಯಲ್ಲೂ ಎಚ್ಚರ ಬೇಕು. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ನಂತರ. ಯೂನಿಕೋಡಿನ ಕ್ರಮದಲ್ಲಿ ಅದು ಲಕಾರದ ಪಕ್ಕ, ವಕಾರಕ್ಕಿಂತ ಮೊದಲು. ಕಂಪ್ಯೂಟರ್ ತನ್ನ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ‘ಹಳದಿ ಎಲೆ ರೋಗ’ ಮೊದಲು, ‘ಹವಾಮಾನ’ ಆಮೇಲೆ. ನಿಘಂಟು ನೋಡಿ ಬೆಳೆದವರು ಹವಾಮಾನ ದಾಟಿದ ಮೇಲೆ ಹಳದಿಯನ್ನು ಹುಡುಕುತ್ತಾರೆ. ಮಳೆ, ಹೊಳೆ, ಬಾಳೆ, ಕೊಳೆ ಎಂದು ಳಕಾರವೇ ತುಂಬಿರುವ ಮಲೆನಾಡಿನ ಸೂಚಿಯಲ್ಲಿ ಇದು ಸಣ್ಣ ವಿಷಯವಲ್ಲ.

ಶುರು ಮಾಡುವುದು ಹೇಗೆ? ದುಬಾರಿ ತಂತ್ರಾಂಶ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಸಂಖ್ಯೆ, ಒಪ್ಪಿತ ಪದ, ಬದಲಿ ಪದಗಳು, ಮರೆಯ ಪದಗಳು, ಮೇಲಿನ ಪದ, ನಂಟಿನ ಪದಗಳು, ವ್ಯಾಪ್ತಿ ಟಿಪ್ಪಣಿ: ಇಷ್ಟು ಕಾಲಂ. ಮೊದಲ ಪದಗಳನ್ನು ತಾಣದ ಹುಡುಕಾಟದ ದಾಖಲೆಯಿಂದ ಆರಿಸಿ, ಅದರಲ್ಲೂ ಏನೂ ಸಿಗದೆ ಬರಿಗೈಲಿ ಹೋದವರು ಟೈಪ್ ಮಾಡಿದ ಪದಗಳಿಂದ. ಅವರು ಕೇಳಿದ್ದು ನಿಮ್ಮಲ್ಲಿ ಇದ್ದೂ ಸಿಗದಿದ್ದರೆ ಅದು ಬದಲಿ ಪದವಾಗಬೇಕು, ಇಲ್ಲದೇ ಇದ್ದರೆ ಅದು ಮುಂದೆ ಬರೆಯಬೇಕಾದ ಲೇಖನ. ಆಮೇಲೆ ಬರಹಗಾರರು ತಮಗೆ ತೋಚಿದಂತೆ ಹಚ್ಚಿರುವ ಹಳೆಯ ಟ್ಯಾಗುಗಳನ್ನು ತೆಗೆದು ಸೋಸಿ. ಒಂದೇ ಲೇಖನಕ್ಕೆ ಮಾತ್ರ ಅಂಟಿರುವ ಟ್ಯಾಗುಗಳಲ್ಲಿ ಹೆಚ್ಚಿನವು ಇನ್ನಾವುದೋ ಪದದ ಬದಲಿ ರೂಪಗಳೇ ಆಗಿರುತ್ತವೆ. ಕೃಷಿಯ ತಾಣವಾದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಿಂದ ಬೆಳೆಸಿಕೊಂಡು ಬಂದಿರುವ ಅಗ್ರೋವಾಕ್ ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಅದರ ಸಂಖ್ಯೆಗಳನ್ನು ನಿಮ್ಮ ಹಾಳೆಯಲ್ಲೂ ಬರೆದಿಟ್ಟುಕೊಳ್ಳಿ. ನಾಳೆ ಬೇರೆ ತಾಣಗಳ ಜೊತೆ ಮಾಹಿತಿ ಹಂಚಿಕೊಳ್ಳಬೇಕೆಂದರೆ ಉಪಯೋಗಕ್ಕೆ ಬರುತ್ತದೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಮೆಶ್ ಎಂಬ ಪದಪಟ್ಟಿಯನ್ನು 1960ರಿಂದ ನಡೆಸುತ್ತಿದೆ, ಕ್ಯಾಸನೂರು ಕಾಡಿನ ಕಾಯಿಲೆಗೂ ಅದರಲ್ಲಿ ಸ್ವಂತ ನಮೂದಿದೆ. ವೈದ್ಯಕೀಯ ಪ್ರಬಂಧಗಳಿಗೆ ಆ ಪದಗಳನ್ನು ಹಚ್ಚುವ ಕೆಲಸವನ್ನು 2022ರಿಂದ ಮುಖ್ಯವಾಗಿ ಯಂತ್ರಕ್ಕೇ ವಹಿಸಿದ್ದಾರೆ, ಮನುಷ್ಯರು ಮೇಲ್ವಿಚಾರಣೆ ಮಾಡುತ್ತಾರೆ. ಪಟ್ಟಿಯನ್ನು ಮಾತ್ರ ಕೈಬಿಟ್ಟಿಲ್ಲ, ಪ್ರತಿ ವರ್ಷ ಪರಿಷ್ಕರಿಸುತ್ತಾರೆ. ಯಂತ್ರ ಎಷ್ಟೇ ಚುರುಕಾದರೂ ಹಚ್ಚಲು ಪದ ಬೇಕು, ಆ ಪದದ ಅರ್ಥ ಎಲ್ಲಿಂದ ಎಲ್ಲಿಯವರೆಗೆ ಎಂದು ಯಾರಾದರೂ ಬರೆದಿಟ್ಟಿರಬೇಕು. ಕನ್ನಡದ ಮಟ್ಟಿಗೆ ಆ ಬರೆದಿಡುವ ಕೆಲಸವೇ ಇನ್ನೂ ಬಾಕಿ.

ಪಟ್ಟಿಗೆ ಒಬ್ಬರು ಜವಾಬ್ದಾರರಿರಲಿ. ಯಾರು ಬೇಕಾದರೂ ಹೊಸ ಪದ ಸೂಚಿಸಬಹುದು, ಸೇರಿಸುವವರು ಒಬ್ಬರೇ. ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳಲ್ಲಿ ಜೋರಾಗಿ ಹಬ್ಬಿದಾಗ ‘ಅಡಿಕೆಯ ರೋಗಗಳು’ ಎಂಬ ಒಂದೇ ಪದದ ಕೆಳಗೆ ಅದರ ಬರಹಗಳೆಲ್ಲ ಗುಡ್ಡೆ ಬೀಳುತ್ತಿದ್ದರೆ, ಅದಕ್ಕೆ ಸ್ವಂತ ಸಂಖ್ಯೆ ಕೊಟ್ಟು ಹಳೆಯ ಲೇಖನಗಳನ್ನು ಮತ್ತೆ ಓದಿ ಹೊಸ ಪದ ಹಚ್ಚಬೇಕು. ಬಳಕೆ ತಪ್ಪಿದ ಪದವನ್ನು ಅಳಿಸದೆ ಹೊಸದಕ್ಕೆ ಬದಲಿಯಾಗಿ ಇಳಿಸಬೇಕು, ಸಂಖ್ಯೆಯನ್ನು ಇನ್ನೊಂದು ವಿಷಯಕ್ಕೆ ಎಂದೂ ಕೊಡಬಾರದು. ತೋಟದ ತಾಣವಾದರೆ ಈ ಪರಿಶೀಲನೆಗೆ ಒಳ್ಳೆಯ ಸಮಯ ಕೊಯ್ಲು, ಸುಲಿತ ಮುಗಿದ ಬೇಸಿಗೆ. ಕಳೆದ ಮಳೆಗಾಲದ ಹುಡುಕಾಟಗಳೆಲ್ಲ ದಾಖಲೆಯಲ್ಲಿರುತ್ತವೆ, ಮುಂದಿನ ಆರಿದ್ರ ಹಿಡಿಯುವುದಕ್ಕೆ ಮೊದಲು ತಿದ್ದಲು ಬಿಡುವೂ ಇರುತ್ತದೆ.